ಬ್ರೆಡ್ಡು ತಿನ್ನುವ ಹಸು

ಬೂದಿಕೋಟೆಯ ನಮ್ಮ ಮನೆಯ ಸೀಮೆಹಸು ಬ್ರೆಡ್ಡು ತಿನ್ನುತ್ತದೆ. ಇದರಲ್ಲಿ ಹಸುವಿನ ತಪ್ಪೇನೂ ಇಲ್ಲ ಸ್ವಾಮಿ. ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದಂದಿನಿಂದ ನಮ್ಮ ಬಂಧುಬಳಗದ ಪ್ರೀತಿಯೆಲ್ಲ ಬ್ರೆಡ್ಡಿನ ರೂಪದಲ್ಲೇ ಹರಿದುಬಂದಿದೆ. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮವರ ಧರ್ಮ. ಕಾಯಿಲೆಯವರು ಅದನ್ನು ನುಂಗಬಲ್ಲರೇ ಎಂದು ವಿಚಾರಿಸುವುದು ಆ ಧರ್ಮದಲ್ಲಿ ಸೇರಿಲ್ಲ. ಅಮ್ಮನ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಳ್ಳುವುದರಿಂದ ಅದು ಕೊಟ್ಟಿಗೆಗೆ ಹೋಗಿ, ಹಾಲಾಗಿ, ಡೈರಿಯ ಕ್ಯಾನು ಸೇರುತ್ತದೆ. ನಮ್ಮ ನೆಂಟರ ಅನುಕಂಪದಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅದು ಡೈರಿಗೆ ಮಾತ್ರ.

ಬಂದವರಿಗೆಂದೇ ಮಂಚದ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಅದರಲ್ಲಿ ಕೂತವರು ಮೊದಲು ಪರೀಕ್ಷೆ ನಡೆಸುತ್ತಾರೆ. ಕಾಮಸಮುದ್ರದ ಚಿಕ್ಕಮ್ಮ ಒಮ್ಮೆ ಬಗ್ಗಿ, "ಅಕ್ಕಾ, ನಾನ್ಯಾರು ಯೋಳು ನೋಡಾನ?" ಎಂದಳು. ನಾಲಿಗೆ ತೊದಲಿದರೂ ಎಲ್ಲವನ್ನೂ ಬಲ್ಲ ಅಮ್ಮ ತಂಗಿಯ ಮುಖವನ್ನೂ ತೊಡೆಯ ಮೇಲಿನ ಪೊಟ್ಟಣವನ್ನೂ ನಿಧಾನವಾಗಿ ನೋಡಿ, "ಬ್ರೆಡ್ಡು" ಎಂದಳು.

"ಅಯ್ಯೋ, ಗ್ಯಾನ ಓಗ್ಬುಟ್ಟದೆ!" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಅಷ್ಟು ಸರಿಯಾದ ಉತ್ತರವನ್ನು ನಾನಂತೂ ಈಚೆಗೆ ಕೇಳಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಉಪದೇಶ: ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಎಣ್ಣೆ ತಿಕ್ಕಬೇಕು, ಬೇಜಾರಾಗದಂತೆ ಮಾತಾಡಿಸಬೇಕು. ಯಾರು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ; ಅಷ್ಟರಲ್ಲಿ ಅತ್ತಿಗೆ ಕಾಫಿ ತಂದಿರುತ್ತಾರೆ.

ನಾನೂ ಕುರ್ಚಿಯವನೇ. ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ರಾಬರ್ಟ್‌ಸನ್‌ಪೇಟೆಯಲ್ಲಿ ಬ್ರೆಡ್ಡು ಕೊಂಡು ಬಸ್ಸು ಹತ್ತುತ್ತಿದ್ದೆ. ಅಣ್ಣ ಬೆಳಿಗ್ಗೆ ಹಾಲು ಕರೆದು, ಬಂಗಾರಪೇಟೆಯಲ್ಲಿ ಕೆಲಸಕ್ಕೆ ರೈಲು ಹಿಡಿದರೆ ಮತ್ತೆ ಸಂಜೆಗೇ ಮನೆ. "ಎಂಗ್ಸಿನ ಮೈ, ಗಂಡುಮಕ್ಳು ಮುಟ್ಟೋದು ಸರೀನೇನ್ಲಾ?" ಎಂಬ ಅವನ ಸಂಕೋಚ ನನಗೂ ಅನುಕೂಲವಾಗಿತ್ತು. ಇಬ್ಬರೂ ಆ ಮೈಯೊಳಗಿಂದಲೇ ಬಂದವರು ಎಂಬುದನ್ನು ಮರೆಯಲು ಸಂಕೋಚದಷ್ಟು ಒಳ್ಳೆಯ ಔಷಧಿ ಇನ್ನೊಂದಿಲ್ಲ.

ಅತ್ತಿಗೆಯ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದ ಮೇಲೆ ಹದಿನೈದು ದಿನ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಎರಡು ವರ್ಷ ಅದನ್ನು ಮುಂದೂಡಿದ್ದರು. ಅಮ್ಮನನ್ನು ಬಗ್ಗದೆ ಎತ್ತುವ ವಿದ್ಯೆ ಡಾಕ್ಟರಿಗೂ ಗೊತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕಣ್ಣು ಮಂಜಾಗಿ, ಬೆಳಗಿನ ಮಾತ್ರೆಯ ಬದಲು ನಿದ್ರೆಯ ಮಾತ್ರೆಯನ್ನೇ ಅಮ್ಮನ ಬಾಯಿಗಿಟ್ಟರು. ಅಮ್ಮ ದಿನವಿಡೀ ಏಳಲಿಲ್ಲ. ಅಮ್ಮ ಎದ್ದ ಮೇಲೆ ಅತ್ತಿಗೆ ಅಣ್ಣನನ್ನೂ ನನ್ನನ್ನೂ ಕರೆದರು.

"ಇನ್ನು ನಂಗಾಗಲ್ಲ ಕಣಪ್ಪ. ಯಾರಾನ ಒಬ್ರು ನಿಂತ್ಕಳ್ರಿ. ಕೂತ್ಕಳೋರು ಬ್ಯಾಡ."

ಅಣ್ಣ ನನ್ನನ್ನು ನೋಡಿದ. ನಾನು ಕುರ್ಚಿಯನ್ನು ನೋಡಿದೆ. ಕೊನೆಗೆ ರಜೆ ಹಾಕಿ ನಾನೇ ಬಂದೆ. ಆಪರೇಷನ್ ಮುಗಿಸಿ ಅತ್ತಿಗೆ ಬಂಗಾರಪೇಟೆಯ ತಮ್ಮ ಅಕ್ಕನ ಮನೆಯಲ್ಲಿ ಉಳಿದರು.

ಮೊದಲ ಸಲ ನೈಟಿ ಬದಲಾಯಿಸುವಾಗ ಅಮ್ಮ ನಾಚಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ, ಆದ್ದರಿಂದ ಗುಂಡಿಗಳೆಲ್ಲ ತಪ್ಪು ಕಾಜಕ್ಕೆ ಬಿದ್ದವು. ಮೂರನೆಯ ದಿನಕ್ಕೆ ಇಬ್ಬರೂ ಕಣ್ಣು ಬಿಟ್ಟಿದ್ದೆವು. ಗಂಜಿಯ ಒಂದೊಂದು ಚಮಚವೂ ಇಳಿಯುವ ತನಕ ಕಾದು, ಹೊರಳಿಸಿ, ಒದ್ದೆ ಬಟ್ಟೆ ಒಗೆದು ಹರವಿ ಬರುವಷ್ಟರಲ್ಲಿ ಮತ್ತೆ ಹೊರಳಿಸುವ ಹೊತ್ತು. ಮಲಗಿದವಳು ಏಳಲಾರದಂತೆ, ನೋಡಿಕೊಳ್ಳುವವರು ಕೂರಲಾರದಂತೆ ಮಾಡುವ ಕಾಯಿಲೆ ಇದು. ಡಾಕ್ಟರ ಚೀಟಿಯಲ್ಲಿ ಒಬ್ಬರದೇ ಹೆಸರಿರುತ್ತದೆ.

ಒಂದು ಮಧ್ಯಾಹ್ನ ಚಿಕ್ಕಮ್ಮ ಬ್ರೆಡ್ಡಿನೊಂದಿಗೆ ಬಂದು ಕೂತಳು. "ಪರ್ವಾಗಿಲ್ವೇ! ಎಣ್ಮಕ್ಳಂಗೆ ಮಾಡ್ತಾವ್ನೆ. ಇಂತಾ ಮಗ ಯಾರ್ಗವ್ನೆ?" ಎಂದು ನೆಟಿಕೆ ಮುರಿದಳು. ನಾಲ್ಕು ವರ್ಷ ಮಾಡಿದ ಅತ್ತಿಗೆಗೆ ಸಿಕ್ಕದ ನೆಟಿಕೆ ನನಗೆ ನಾಲ್ಕನೆಯ ದಿನಕ್ಕೇ ಸಿಕ್ಕಿತು. ಅವಳು ಹೋದ ಮೇಲೆ, ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಗಿ, ಅಡುಗೆಮನೆಯಲ್ಲಿ ನಿಂತೇ ಟೀಯಲ್ಲಿ ಅದ್ದಿ ಇಡೀ ಪೊಟ್ಟಣ ಮುಗಿಸಿದೆ. ಕುರ್ಚಿ ಖಾಲಿಯೇ ಇತ್ತು.

ಇಷ್ಟನ್ನು ಓದಿದರೆ ನಾನು ಹದಿನೈದು ದಿನವೂ ನಿಂತೆ ಎಂದು ನಿಮಗನ್ನಿಸಬಹುದು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಾಗೆಯೇ ಹೇಳಿದ್ದೇನೆ. ಹೇಳಿ ಹೇಳಿ ನನಗೂ ಹಾಗೆಯೇ ನೆನಪು. ನಿಜವೆಂದರೆ ಒಂಬತ್ತನೆಯ ದಿನ, ರಜೆ ಮುಗಿಯಿತು ಎಂದು ಅತ್ತಿಗೆಗೆ ಫೋನು ಮಾಡಿದೆ. ರಜೆ ಇನ್ನೂ ಇತ್ತು.

ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಆಟೋದಿಂದಿಳಿದು, ಕೊಟ್ಟಿಗೆಯಲ್ಲಿ ಹಸುವಿನ ಬ್ರೆಡ್ಡು ಹಾಕಿಡುವ ಬುಟ್ಟಿ ನೋಡಿದರು. "ಚಿಕ್ಕತ್ತೆ ಬಂದಿದ್ರಂತೆ, ಬ್ರೆಡ್ಡೆಲ್ಲಪ್ಪಾ?"

"ನಾನೇ ತಿಂದೆ ಅತ್ತಿಗೆ."

"ತಿಂದೋರು ಆಲು ಕೊಡ್ಬೇಕು ಕಣಪ್ಪ," ಎಂದು ನಕ್ಕು, ಒಳಗೆ ಹೋಗಿ, ಅಮ್ಮನನ್ನು ಎತ್ತಲು ಬಗ್ಗಿದರು. ನನ್ನ ಬ್ಯಾಗು ಆಗಲೇ ಹೆಗಲ ಮೇಲಿತ್ತು. ಅದನ್ನು ಕೆಳಗಿಟ್ಟು ಒಂದು ಕೈ ಕೊಟ್ಟೇ ಹೊರಟೆ ಎಂದು ನನ್ನ ನೆನಪು. ಅತ್ತಿಗೆಯನ್ನು ಕೇಳುವ ಧೈರ್ಯವಾಗಿಲ್ಲ. ಬಾಗಿಲು ದಾಟುವಾಗ ಹಸುವಂತೂ ನನ್ನ ಬರಿಗೈಯನ್ನೇ ನೋಡುತ್ತಿತ್ತು.