ಬೆನಿಗ್ನಾಳ ಹೆಸರಿನಲ್ಲಿ ಬಿದ್ದ ಜಮಾಗಳು

ಬೆನಿಗ್ನಾ ಚೊಕೆ ಹನ್ನೊಂದು ವರ್ಷ ದೋನ್ ಎವಾರಿಸ್ತೋರ ಸಿಮೆಂಟು-ಕಬ್ಬಿಣದ ಅಂಗಡಿಯಲ್ಲಿ ಲೆಕ್ಕ ಬರೆದಳು. ಅರೆಕಿಪಾ ಪಟ್ಟಣದ ನಮ್ಮ ಬೀದಿಯಲ್ಲಿ ಅದರ ಎದುರಿಗೇ ನನ್ನ ಬೀಗದ ಕೈ ಮಾಡುವ ಅಂಗಡಿ. ದಪ್ಪ ಲೆಕ್ಕದ ಪುಸ್ತಕಗಳು ಹೋಗಿ ಕಂಪ್ಯೂಟರ್ ಬಂದಾಗ ಅದನ್ನು ಮೊದಲು ಕಲಿತವಳು ಅವಳೇ. ಗಿರಾಕಿ ದುಡ್ಡು ಕೊಟ್ಟರೆ ಅವನ ಬಿಲ್ಲು ತೆರೆದು, ತಾರೀಖು ಹಾಕಿ, ನಗದೋ ಬ್ಯಾಂಕೋ ಎಂದು ಗುರುತಿಸಿ ಜಮಾ ಮಾಡುತ್ತಿದ್ದಳು. ತೆರೆಯ ಮೇಲೆ ‘ಬಾಕಿ’ ಹೋಗಿ ‘ಪಾವತಿ’ ಬರುವವರೆಗೆ ಗಿರಾಕಿಯನ್ನು ಕದಲಗೊಡುತ್ತಿರಲಿಲ್ಲ. “ಕಣ್ಣಾರೆ ನೋಡ್ಕೊಂಡು ಹೋಗಿ, ಆಮೇಲೆ ನನ್ನ ಬೈಬೇಡಿ” ಎನ್ನುತ್ತಿದ್ದಳು.

ಯಜಮಾನರ ಅಳಿಯ ವಿಲ್ಬರ್ ಬಂದ ಮೇಲೆ ವಸೂಲಿಯ ರೀತಿ ಬದಲಾಯಿತು. ಅವನು ಮೋಟಾರುಬೈಕಿನಲ್ಲಿ ಕಟ್ಟಡದ ಕೆಲಸ ನಡೆಯುವಲ್ಲಿಗೇ ಹೋಗಿ, ಸಣ್ಣ ಪುಸ್ತಕದಿಂದ ರಸೀದಿ ಹರಿದು ಕೊಟ್ಟು ನಗದು ತರುತ್ತಿದ್ದ. ಆ ಬೇಸಿಗೆಯಲ್ಲಿ ಬೆನಿಗ್ನಾಳ ತಾಯಿ ಆಸ್ಪತ್ರೆ ಸೇರಿದರು. “ನೀವಿಲ್ಲದಾಗ ಜಮಾ ಯಾರು ಮಾಡ್ಬೇಕು? ನಿಮ್ಮ ಪಾಸ್‌ವರ್ಡ್ ಕೊಟ್ಟಿರಿ” ಎಂದು ವಿಲ್ಬರ್ ಕೇಳಿದ. ಕೊಟ್ಟಳು. ಮಾರ್ಚ್ ತಿಂಗಳಲ್ಲಿ ತಾಯಿ ತೀರಿಕೊಂಡರು.

ಏಪ್ರಿಲ್‌ನಲ್ಲಿ ಕಂಟ್ರಾಕ್ಟರ್ ಹಸಿಂತಾ ಬಾಕಿ ಪಟ್ಟಿಯನ್ನು ಬೀಸುತ್ತಾ ಅಂಗಡಿಗೆ ನುಗ್ಗಿದಳು. “ನಾಲ್ಕು ಸಾವಿರದ ಇನ್ನೂರು ಸೋಲ್ ದುಡ್ಡು ಎಣಿಸಿ ಕೊಟ್ಟಿದೀನಿ. ಇನ್ನೂ ಬಾಕಿ ಅಂತೀರಲ್ಲ, ನಾಚಿಕೆ ಆಗಲ್ವಾ?”

ವಿಲ್ಬರ್ ನಿಧಾನವಾಗಿ ಕಂಪ್ಯೂಟರಿನ ಮುಂದೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದ: “ನಾನು ತಂದಿದ್ದನ್ನೆಲ್ಲ ಬೆನಿಗ್ನಾ ಕೈಗೇ ಕೊಟ್ಟಿದೀನಿ, ಜಮಾ ಮಾಡಿದ್ದೆಲ್ಲ ಅವರ ಹೆಸರಲ್ಲೇ ಇದೆ. ದುಡ್ಡು ಎಲ್ಲಿ ಹೋಯ್ತು ಅಂತ ಅವರನ್ನೇ ಕೇಳಿ.” ಅಷ್ಟಕ್ಕೆ ಬಿಡದೆ ಬೆನಿಗ್ನಾಳ ಕೈಚೀಲವನ್ನು ಕಸಿದು ಕಟ್ಟೆಯ ಮೇಲೆ ಸುರಿದ. ಒಂದು ಬಾಚಣಿಗೆ, ಸತ್ತ ತಾಯಿಯ ಉಳಿದ ಮಾತ್ರೆಗಳು, ಅರ್ಧ ತಿಂದ ಬ್ರೆಡ್ಡು. ಗಿರಾಕಿಗಳಲ್ಲಿ ಯಾರೋ ನಕ್ಕರು. ಗಲ್ಲಾದ ಹಿಂದೆ ಕೂತಿದ್ದ ದೋನ್ ಎವಾರಿಸ್ತೋ ತಲೆ ಎತ್ತಲಿಲ್ಲ.

ಬೆನಿಗ್ನಾ ಬಾಗಿಲು ದಾಟಿ ನೇರ ನನ್ನ ಅಂಗಡಿಗೆ ಬಂದಳು. ನೀರು ಕೊಟ್ಟೆ, ಕುಡಿಯಲಿಲ್ಲ. “ಅತ್ತುಬಿಡೇ, ಹಗುರಾಗುತ್ತೆ” ಎಂದೆ.

“ಹಗುರಾಗೋದು ಬೇಡ ನಂಗೆ. ಅವನ ಕೈಲೇ ಸರಿಯಾದ ಲೆಕ್ಕ ಬರೆಸ್ತೀನಿ. ಒಂದೊಂದಾಗಿ.”

ವಾರದೊಳಗೆ ಕೆಲಸದಿಂದ ತೆಗೆದ ಕಾಗದ ಬಂತು. ಹನ್ನೊಂದು ವರ್ಷಕ್ಕೆ ಬರಬೇಕಾದ ಹಣದಲ್ಲಿ ಒಂದು ಕಾಸೂ ಇಲ್ಲ. ಅವಳ ಬಾಯಿ ಮುಚ್ಚಿಸಲೆಂದು ವಿಲ್ಬರ್ ಜೊತೆಗೊಂದು ಪಟ್ಟಿಯನ್ನೂ ಇಟ್ಟಿದ್ದ: ಅವಳ ಹೆಸರಿನಲ್ಲಿ ಆದ ಪ್ರತಿ ಜಮಾದ ತಾರೀಖು, ಗಂಟೆ, ಬಿಲ್ಲಿನ ನಂಬರು. ಅದನ್ನು ಅವಳು ನನ್ನ ಅಂಗಡಿಯಲ್ಲೇ ಕೂತು ಬೆರಳಿಟ್ಟು ಓದಿದಳು. ಮೂರನೆಯ ಹಾಳೆಯಲ್ಲಿ ಬೆರಳು ನಿಂತಿತು. ಆಮೇಲೆ ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

ಮುಂದಿನ ನಾಲ್ಕು ತಿಂಗಳು ಭಾನುವಾರ ಬೆಳಿಗ್ಗೆ ಅವಳು ಚರ್ಚಿನ ಪೂಜೆಗೆ ಹೋಗಲಿಲ್ಲ. ಕಂಟ್ರಾಕ್ಟರುಗಳು, ಗಾರೆ ಮೇಸ್ತ್ರಿಗಳು ಹಂದಿ ಮಾಂಸದ ಅದೋಬೋ ಸಾರು ತಿನ್ನಲು ಕೂರುವ ಹೊತ್ತಿಗೆ ಅವರ ಮನೆ ಬಾಗಿಲಲ್ಲಿರುತ್ತಿದ್ದಳು. ಮೊದಲು ಹೋದದ್ದು ಹಸಿಂತಾಳ ಮನೆಗೆ. “ನನ್ನ ಕಳ್ಳಿ ಅಂದ್ಕೊಂಡಿದ್ರೆ ಬಾಗಿಲು ಹಾಕ್ಕೊಳ್ಳಿ. ಇಲ್ಲದಿದ್ರೆ ವಿಲ್ಬರ್ ಕೊಟ್ಟ ರಸೀದಿ ತೋರ್ಸಿ.”

ಹಸಿಂತಾ ಬಾಗಿಲು ಹಾಕಲಿಲ್ಲ. ಒಂದು ಬಟ್ಟಲು ಅದೋಬೋ ಕೊಟ್ಟು ರಸೀದಿ ಹುಡುಕಿದಳು. ಹೀಗೆ ಹನ್ನೊಂದು ಗಿರಾಕಿಗಳಿಂದ ಮೂವತ್ತೊಂದು ರಸೀದಿ ಕೂಡಿದವು, ಎಲ್ಲದರ ಮೇಲೂ ವಿಲ್ಬರನ ಸಹಿ. ಪಟ್ಟಿಯ ಪಕ್ಕ ಇಟ್ಟರೆ ಆಟ ಬಯಲಾಯಿತು. ಒಬ್ಬ ಕೊಟ್ಟದ್ದು ವಿಲ್ಬರನ ಜೇಬಿಗೆ. ತಿಂಗಳ ನಂತರ ಇನ್ನೊಬ್ಬ ಕೊಟ್ಟಾಗ ಆ ದುಡ್ಡು ಮೊದಲಿನವನ ಬಿಲ್ಲಿಗೆ ಜಮಾ. ಸಾಲಿನ ಕೊನೆಯವರ ಹೆಸರಿಗೆ ಬರೀ ಬಾಕಿ.

ಆಗಸ್ಟ್‌ನಲ್ಲಿ ದೋನ್ ಎವಾರಿಸ್ತೋ ಅಳಿಯನನ್ನು ಪಾಲುದಾರನನ್ನಾಗಿ ಮಾಡಲು ದಿನ ಗೊತ್ತುಮಾಡಿದರು. ಆ ದಿನ ಮಧ್ಯಾಹ್ನ ಅಂಗಡಿಗೆ ನೋಟರಿ ಬಂದಿದ್ದ, ಬಿಯರ್ ಪೆಟ್ಟಿಗೆಗಳು ಬಂದಿದ್ದವು. ಬೆನಿಗ್ನಾ ಹನ್ನೊಂದು ಗಿರಾಕಿಗಳನ್ನು ಹಿಂದಿಟ್ಟುಕೊಂಡು ಒಳಗೆ ಹೋದಳು. ನಾನೂ ಅಂಗಡಿಗೆ ಬೀಗ ಹಾಕಿ ಹೋದೆ.

“ಯಾರು ಕರೆದ್ರು ನಿನ್ನ?” ವಿಲ್ಬರ್ ಅಡ್ಡ ಬಂದ.

ಅವಳು ಅವನತ್ತ ನೋಡಲೇ ಇಲ್ಲ. “ದೋನ್ ಎವಾರಿಸ್ತೋ, ನಮ್ಮಮ್ಮನ ಶವದ ಪೆಟ್ಟಿಗೆಗೆ ಮುಂದುಗಡೆ ಹೆಗಲು ಕೊಟ್ಟೋರು ಯಾರು?”

ಮುದುಕರು ಗಲಿಬಿಲಿಗೊಂಡರು. “ನಾನೇ ಅಲ್ವೇನಮ್ಮ.”

“ಎಷ್ಟು ಗಂಟೆ ಆಗಿತ್ತು?”

“ಹನ್ನೊಂದು. ಪಾದ್ರಿ ತಡವಾಗಿ ಬಂದ್ರು.”

“ನಾನೆಲ್ಲಿದ್ದೆ?”

“ನನ್ನ ಪಕ್ಕದಲ್ಲೇ...”

ಅವಳು ಮೂರನೆಯ ಹಾಳೆಯನ್ನು ಅವರ ಕೈಗಿಟ್ಟಳು. ಅದೇ ದಿನ, ಹನ್ನೊಂದು ಗಂಟೆ ಎಂಟು ನಿಮಿಷ. ಎರಡು ಸಾವಿರದ ಆರುನೂರು ಸೋಲ್ ಜಮಾ. ಮಾಡಿದವರು: ಬೆನಿಗ್ನಾ ಚೊಕೆ. ಮುದುಕರು ಎರಡು ಸಲ ಓದಿದರು. ನೋಟರಿ ಸದ್ದಿಲ್ಲದೆ ಪೆನ್ನಿನ ಮುಚ್ಚಳ ಹಾಕಿದ.

“ಕಂಪ್ಯೂಟರ್ ತಪ್ಪು ಮಾವ, ಗಂಟೆ ಹೆಚ್ಚುಕಮ್ಮಿ ಆಗಿರುತ್ತೆ” ಎಂದ ವಿಲ್ಬರ್.

“ರಸೀದಿ ಮೇಲಿನ ಸಹಿನೂ ಕಂಪ್ಯೂಟರೇ ಹಾಕಿತೇನಪ್ಪಾ?” ಎಂದಳು ಹಸಿಂತಾ.

ಬೆನಿಗ್ನಾ ಕುರ್ಚಿ ಎಳೆದಳು. “ಕೂತ್ಕೋ. ಈಗ ನಿನಗೇ ಪಾಸ್‌ವರ್ಡ್ ಇದೆಯಲ್ಲ, ನಿನ್ನ ಹೆಸರಲ್ಲೇ ಒಳಗೆ ಹೋಗು. ತಪ್ಪು ಜಮಾ ಅಳಿಸಿ ಸರಿಯಾದ್ದು ಬರಿ.”

ಅವನು ಮಾವನ ಮುಖ ನೋಡಿದ. “ಕೂತ್ಕೋ” ಎಂದರು ಅವರೂ.

ಅವಳು ರಸೀದಿ ಓದುತ್ತಾ ಹೋದಳು, ಅವನು ಕುಟ್ಟುತ್ತಾ ಹೋದ. ಐದನೆಯದರಲ್ಲಿ ತಾರೀಖು ತಪ್ಪಿದ. “ಮೊದಲ್ನಿಂದ” ಎಂದಳು. ಬೆವರು ಒರೆಸಿಕೊಳ್ಳಲು ಕೈ ಎತ್ತಿದರೆ “ಆಮೇಲೆ ಒರೆಸ್ಕೋ” ಎಂದಳು. ಅವನ ಹೆಂಡತಿ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೆನಿಗ್ನಾಳಿಗೆ ಅದು ಗೊತ್ತಿತ್ತು. ಮುಂದಿನ ಮೊತ್ತವನ್ನು ಇನ್ನೂ ಗಟ್ಟಿಯಾಗಿ ಓದಿದಳು. ಮೂವತ್ತೊಂದು ಮುಗಿಯಲು ಎರಡು ಗಂಟೆ ಹಿಡಿಯಿತು. ಕೊನೆಗೆ ಮೂವತ್ತೆಂಟು ಸಾವಿರದ ಆರುನೂರು ಸೋಲ್ ಅವನ ತಲೆಯ ಮೇಲೆ ನಿಂತಿತು.

ವಿಲ್ಬರ್ ಆ ವಾರವೇ ಹುಲಿಯಾಕಾ ಊರಿನ ಕಡೆ ಹೋದ, ಹೆಂಡತಿ ಹೋಗಲಿಲ್ಲ. ದೋನ್ ಎವಾರಿಸ್ತೋ ಲಾರಿ ಮಾರಿ ಅಂಗಡಿಯ ನಷ್ಟ ತುಂಬಿಕೊಂಡರು. ಬೆನಿಗ್ನಾಳ ಹನ್ನೊಂದು ವರ್ಷದ ಹಣವನ್ನು ತಾವೇ ಅವಳ ಮನೆಗೆ ತಂದು, ಮತ್ತೆ ಕೆಲಸಕ್ಕೆ ಬಾ ಎಂದು ಕೇಳಿದರು. ಅವಳು ನಿಂತೇ ಎಣಿಸಿಕೊಂಡು, ನಿಂತೇ ಅವರನ್ನು ಕಳಿಸಿದಳು.

“ವಯಸ್ಸಾದೋರು ಕಣೇ, ಒಂದು ಕುರ್ಚಿನಾದ್ರೂ ಕೊಡಬಾರದಿತ್ತಾ?” ಎಂದೆ ನಾನು.

“ವಿಲ್ಬರ್ ಮೇಲಿನ ಸಿಟ್ಟು ಅವತ್ತೇ ತೀರಿತು. ಇವರ ಮೇಲಿನದು ತೀರಿಲ್ಲ. ತಲೆ ಎತ್ತಿ ನೋಡಿದ್ರೆ ಸಾಕಿತ್ತು ಅವರು” ಎಂದಳು.

ಈಗ ಹಸಿಂತಾಳ ಲೆಕ್ಕ ಬರೆಯುವವಳು ಅವಳೇ. ಸಿಮೆಂಟನ್ನು ದೋನ್ ಎವಾರಿಸ್ತೋರ ಬಳಿ ಕೊಳ್ಳದೆ ಬೇರೆ ಅಂಗಡಿಯಿಂದ ತರಿಸುತ್ತಾಳೆ. ಚೀಲಕ್ಕೆ ಅರ್ಧ ಸೋಲ್ ಹೆಚ್ಚಾಗುತ್ತದೆ. ಅದು ಯಾಕೆಂದು ಹಸಿಂತಾ ಒಂದು ದಿನವೂ ಕೇಳಿಲ್ಲ.