ಪೂಜೆ ಆಯಿತೇ ಎಂದು ಕೇಳುತ್ತಿದ್ದ ಅಕ್ಕ

ಇವತ್ತು ಬೆಳಿಗ್ಗೆ ಅಂಗೈಯಲ್ಲಿ ವಿಭೂತಿಗೆ ನೀರು ಹಾಕಿ ಕಲಸುವಾಗ, ಆ ಹಸಿ ವಾಸನೆಗೆ ಪಕ್ಕದ ಮನೆಯ ಅಕ್ಕ ನೆನಪಾದರು... ಮಕ್ಕಳೇ, ನೀವು ಅವರನ್ನು ನೋಡಿಲ್ಲ.

ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ಯಾರೊಡನೆ ಮಾತಾಡಲೂ ನಾಚಿಕೆ. ಗೋಡೆಯ ಆಚೆಯಿಂದ ಮೊದಲು ಮಾತಾಡಿಸಿದವರು ಅಕ್ಕ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವರು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ.

ವಯಸ್ಸಾದ ಮೇಲೆ ಅದೇ ಕಷ್ಟವಾಯಿತು. ಪೂಜೆ ಮುಗಿಸಿ ತಟ್ಟೆಯ ಮುಂದೆ ಕೂತವರು, ರೊಟ್ಟಿ ಮುರಿಯುವಷ್ಟರಲ್ಲಿ ಪೂಜೆ ಮಾಡಿದ್ದೇ ಮರೆತು ಎದ್ದುಬಿಡುತ್ತಿದ್ದರು. ಮತ್ತೆ ಸ್ನಾನ, ಮತ್ತೆ ಪೂಜೆ. ಮಧ್ಯಾಹ್ನವಾದರೂ ಹೊಟ್ಟೆಗಿಲ್ಲ.

“ದಿನಕ್ಕೆ ನಾಕು ಸಲ ಎಬ್ಬಿಸಿದ್ರೆ ಶಿವನಿಗೂ ಸಾಕಾಗ್ತದೆ ಕಣತ್ತೆ,” ಎಂದು ಅಕ್ಕನ ಸೊಸೆ ಮೊದಮೊದಲು ನಗುತ್ತಿದ್ದಳು. ಅತ್ತೆಯ ರವಿಕೆ ಸಡಿಲವಾಗತೊಡಗಿದಾಗ ಆ ನಗು ನಿಂತಿತು.

ಶಿವಮೊಗ್ಗಕ್ಕೆ ಕರೆದೊಯ್ದಾಗ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಅಲ್ಜೈಮರ್, ಮರೆವಿನ ಕಾಯಿಲೆ ಎಂದರು. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಮೆದುಳಿನ ಒಳಗಿನ ಬಿಳಿ ಭಾಗದ ಕಲೆಗಳನ್ನು ತೋರಿಸಿದರು.

“ಕಡೂರೂ ಇದೆ, ತರೀಕೆರೆನೂ ಇದೆ ಕಣಮ್ಮ. ನಡುವಿನ ರಸ್ತೆ ಅಲ್ಲಲ್ಲಿ ಕಿತ್ತೋಗಿದೆ. ಸುದ್ದಿ ತಡವಾಗಿ ಬತ್ತದೆ, ಒಂದೊಂದ್ಸಲ ಬರೋದೇ ಇಲ್ಲ.”

“ರಿಪೇರಿ ಆಗಲ್ವಾ ಸಾರ್?” ಎಂದಳು ಸೊಸೆ. ಅವರು ಫಿಲ್ಮನ್ನು ನಿಧಾನವಾಗಿ ಕವರಿಗೆ ಹಾಕಿದರು.

ಅಂದಿನಿಂದ ನನ್ನ ಪೂಜೆಯನ್ನೂ ಅಕ್ಕನ ಎದುರೇ ಕೂತು ಮಾಡತೊಡಗಿದೆ. ತಟ್ಟೆಯ ಮುಂದೆ ಅವರು ದಿನವೂ ಕೇಳುತ್ತಿದ್ದರು.

“ನಂದು ಪೂಜೆ ಆಯ್ತೇನೇ? ನೀ ನೋಡಿದ್ಯಾ?”

“ನೋಡ್ದೆ ಕಣಕ್ಕ. ಉಣ್ಣು.”

ನಂಬಿ ಉಣ್ಣುತ್ತಿದ್ದರು.

ಒಂದು ದಿನ ನಿಮ್ಮ ತಾತನಿಗೆ ಜ್ವರ ಬಂದು ನಾನು ಹೋಗುವುದು ತಡವಾಯಿತು. ಅಕ್ಕ ಆಗಲೇ ತಟ್ಟೆಯ ಮುಂದೆ ಕೂತಿದ್ದರು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಒರೆಸಿಕೊಂಡಿದ್ದರೋ, ಹಚ್ಚಿಯೇ ಇರಲಿಲ್ಲವೋ... ಸೊಸೆ ಹೊಲಕ್ಕೆ ಹೋಗಿದ್ದಳು, ಕೇಳಲು ಯಾರೂ ಇರಲಿಲ್ಲ.

“ನೀ ನೋಡಿದ್ಯೇನೇ?”

“ನೋಡ್ದೆ,” ಎಂದೆ.

ಎರಡು ರೊಟ್ಟಿ ತಿಂದರು. ಜೀವಮಾನವೆಲ್ಲ ಕಾಪಾಡಿಕೊಂಡ ನೇಮ ಅವತ್ತು ನನ್ನ ಬಾಯಿಂದ ಮುರಿಯಿತೋ ಏನೋ, ಇವತ್ತಿಗೂ ತಿಳಿಯದು. ಅವರು ತೀರಿಕೊಂಡಾಗ ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡಿದರು. ಕ್ಷಮೆ ಕೇಳೋಣವೆಂದರೆ ಅಕ್ಕ ಇಲ್ಲ.

ಬೆಳಿಗ್ಗೆ ವಿಭೂತಿ ಕಲಸಿದ್ದು ಮೊದಲನೆಯ ಸಲವೋ ಎರಡನೆಯ ಸಲವೋ ಎಂದು ನನಗೆ ಒಂದು ಗಳಿಗೆ ಗೊತ್ತಾಗಲಿಲ್ಲ. ಬರೀ ವಯಸ್ಸಿನ ಮರೆವಿರಬಹುದು. ನಿಮ್ಮ ತಾತ ಇದ್ದಿದ್ದರೆ ಅವರನ್ನು ಕೇಳುತ್ತಿದ್ದೆ...

ಮುಂದೆ ಯಾವತ್ತಾದರೂ ನಾನು ತಟ್ಟೆಯ ಮುಂದೆ ಕೂತು ಕೇಳಿದರೆ, ಮಕ್ಕಳೇ, ನೋಡಿರದಿದ್ದರೂ ನೋಡಿದೆ ಅನ್ನಿ.