ಕಂಬದ ಕರೆಂಟೂ ಕಂಟ್ರೋಲರ್ ಮಾವನೂ

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೂ ಸರದಿಯಲ್ಲಿ ನಿಲ್ಲಬೇಕು. ಬೇಸಿಗೆಯಲ್ಲಾದರೆ ಯಾರು ಯಾವ ಸ್ವಿಚ್ಚು ಒತ್ತಿದರೂ ಕೇಳುವವರಿಲ್ಲ. ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್ಲುಗಳು ಬೆಳಗಿನಿಂದ ಸಂಜೆಯವರೆಗೆ ಹೊಟ್ಟೆ ತುಂಬ ಬಿಸಿಲು ಕುಡಿಯುತ್ತಿರುತ್ತವೆ. ಚಳಿಗಾಲದ ಸೂರ್ಯ ಹಾಗಲ್ಲ. ತಡವಾಗಿ ಏಳುತ್ತಾನೆ, ಮಂಜಿನ ಮುಸುಕು ಹೊದ್ದು ಇನ್ನಷ್ಟು ಹೊತ್ತು ಕೂರುತ್ತಾನೆ, ಪಕ್ಕದ ಮೂರಂತಸ್ತಿನ ಮನೆಯ ಹಿಂದಿನಿಂದ ಇಣುಕುತ್ತಾನೆ. ಬಂದ ಅನ್ನುವಷ್ಟರಲ್ಲಿ ನಮ್ಮದೇ ನೀರಿನ ಟ್ಯಾಂಕಿನ ನೆರಳು ಪ್ಯಾನೆಲ್ಲುಗಳ ಮೇಲೆ ತೆವಳತೊಡಗುತ್ತದೆ. ನಡುವೆ ಸಿಗುವ ನಡುಹಗಲಿನ ಒಂದು ತುಣುಕಿನಲ್ಲೇ ಬಟ್ಟೆ ಒಗೆಯಬೇಕು, ನೀರೆತ್ತಬೇಕು, ರುಬ್ಬಬೇಕು, ಇಸ್ತ್ರಿ ಮಾಡಬೇಕು.

ಆ ತುಣುಕಿಗೆ ಯಜಮಾನರು ನಮ್ಮ ಮಾವ.

ಮಾವ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಯಾವುದು ಮೊದಲು ಹೊರಡಬೇಕು ಎಂದು ಮೈಕಿನಲ್ಲಿ ಕೂಗುವುದು ಅವರ ಕೆಲಸ. ನಿವೃತ್ತರಾದ ಮೇಲೂ ಬೀದಿಯವರಿಗೆ ಅವರು ಕಂಟ್ರೋಲರ್ರೇ. ಸ್ವಲ್ಪ ದಿನ ಕೈಕಾಲು ಆಡದೆ ಒದ್ದಾಡಿದರು; ತಾರಸಿಗೆ ಸೋಲಾರ್ ಬಂತು ನೋಡಿ, ಹೋದ ನಿಲ್ದಾಣ ಮನೆಗೇ ವಾಪಸು ಬಂದಂತಾಯಿತು. ಬೆಳಿಗ್ಗೆ ಉಣ್ಣೆ ಟೋಪಿ ಎಳೆದುಕೊಂಡು ಮೇಲೆ ಹೋಗಿ ಪ್ಯಾನೆಲ್ಲುಗಳ ಇಬ್ಬನಿ ಒರೆಸುತ್ತಾರೆ. ಇಳಿದು ಬಂದು ಮೊಬೈಲು ಹಿಡಿದು ಹಜಾರದಲ್ಲಿ ಕೂರುತ್ತಾರೆ. ಅದರಲ್ಲೊಂದು ಹಸಿರು ಗೆರೆ ಇದೆ. ಬಿಸಿಲಿನ ಕರೆಂಟು ಹುಟ್ಟಿದಷ್ಟೂ ಅದು ಮೇಲೇರುತ್ತದೆ. ಗೆರೆ ಏರಿದ ಹಾಗೆ ಮಾವನ ಕುತ್ತಿಗೆಯೂ ನೆಟ್ಟಗಾಗುತ್ತದೆ.

“ನೀರಿನ ಮೋಟರು ಈಗ ಹೊರಡ್ತಾ ಇದೆ. ಮಿಕ್ಸಿಯವರು ದಯವಿಟ್ಟು ಕಾಯ್ಬೇಕು.”

“ಮಿಕ್ಸಿಯವರು ಕಾದ್ರೆ ಕಂಟ್ರೋಲರಿಗೆ ಊಟ ಇಲ್ಲ,” ಎಂದು ಅಡುಗೆಮನೆಯಿಂದ ಅತ್ತೆ.

“ಎರಡೂ ಒಟ್ಟಿಗೆ ಬಿಟ್ರೆ ಕಂಬದ ಕರೆಂಟು ಒಳಗೆ ನುಗ್ಗುತ್ತೆ ಕಣೇ!”

“ನುಗ್ಲಿ ಬಿಡ್ರಿ. ಅದೇನು ಕಳ್ಳನಾ?”

ಮಾವನ ಪಾಲಿಗೆ ಕಳ್ಳನೇ. ಹಗಲು ಹೊತ್ತಿನಲ್ಲಿ ಬೀದಿಯ ಕಂಬದಿಂದ ಕರೆಂಟು ಎಳೆಯುವುದೆಂದರೆ, ತಮ್ಮ ಬಸ್ಸು ನಿಂತಿರುವಾಗ ಜನ ಹೊರಗಿನ ವ್ಯಾನು ಹತ್ತಿ ಹೋದಷ್ಟು ಅವಮಾನ. ಒಮ್ಮೆ ಮೋಡದ ಬೆಳಿಗ್ಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಹೇರ್ ಡ್ರೈಯರಿನಲ್ಲಿ ಕೂದಲು ಒಣಗಿಸುತ್ತಿದ್ದೆ. ಬಾಗಿಲು ಟಕಟಕ ಅಂದಿತು. “ಒಳಗೆ ಯಾರೋ ಪರ್ಮಿಟ್ ಇಲ್ದೆ ಗಾಡಿ ಓಡಿಸ್ತಿದ್ದೀರಿ,” ಎಂದು ಮಾವನ ದನಿ. ಅರ್ಧ ಒದ್ದೆ ತಲೆಯಲ್ಲೇ ಹೊರಗೆ ಬಂದೆ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗಳು ಬೇರೆ ಹೇಗಿದ್ದಾಳು? ಈಗಷ್ಟೇ ಅಂಬೆಗಾಲಿಡುತ್ತಿರುವ ಪುಟ್ಟಿಗೆ ಹಗಲಲ್ಲಿ ನಿದ್ದೆ ಬರಬೇಕಾದರೆ ವಾಷಿಂಗ್ ಮಷೀನು ತಿರುಗಬೇಕು. ಜೋಗುಳ, ತೊಟ್ಟಿಲು, ಬೆನ್ನು ತಟ್ಟುವುದು ಯಾವುದೂ ನಡೆಯುವುದಿಲ್ಲ. ಮಷೀನು ಗುಂಯ್ ಅನ್ನಬೇಕು, ಅದರ ಪಕ್ಕ ಅಜ್ಜನ ಹೆಗಲಿರಬೇಕು. ಹಾಗಾಗಿ ಅವಳ ನಿದ್ದೆಯೂ ನಮ್ಮ ಬಟ್ಟೆಯೂ ನಡುಹಗಲಿನ ಆ ತುಣುಕಿಗೇ ಬಂದು ಜೋಡಿಯಾಗಿದ್ದವು. ಎಲ್ಲ ಸುಸೂತ್ರವಾಗಿತ್ತು, ನನ್ನ ಕೆಲಸದ ಮಾತು ಬರುವವರೆಗೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಹೆರಿಗೆಯ ರಜೆ ಹಿಗ್ಗಿಸಿ ಹಿಗ್ಗಿಸಿ ಇನ್ನು ಹಿಗ್ಗುವುದಿಲ್ಲ ಎನ್ನುವಲ್ಲಿಗೆ ಬಂದಿತ್ತು. “ಸೋಮವಾರ ಬರ್ತೀಯೋ, ಬೇರೆಯವರನ್ನ ನೋಡ್ಲೋ?” ಎಂದರು ಅಂಗಡಿಯವರು. ಗಂಡ ಲಿಫ್ಟ್ ಮೆಕ್ಯಾನಿಕ್ಕು, ಹಗಲೆಲ್ಲ ಯಾವುದೋ ಕಟ್ಟಡದಲ್ಲಿ ನೇತಾಡುತ್ತಿರುತ್ತಾರೆ. ಅತ್ತೆಯ ಬಲಭುಜ ಹಿಡಿದುಕೊಂಡಿದೆ, ಮಗು ಎತ್ತಬಾರದು ಎಂದಿದ್ದಾರೆ ಡಾಕ್ಟರು. ಎರಡು ಬೀದಿಯಾಚೆ ಕೂಸುಗಳನ್ನು ನೋಡಿಕೊಳ್ಳುವ ಮನೆಯೊಂದನ್ನು ಗಂಡ ವಿಚಾರಿಸಿಕೊಂಡು ಬಂದರು.

ಮಾವ ಮೊಬೈಲನ್ನು ಕೆಳಗಿಟ್ಟರು. ಅವರು ಬಿಸಿಲಿರುವಾಗ ಮೊಬೈಲು ಕೆಳಗಿಟ್ಟಿದ್ದನ್ನು ನಾನು ನೋಡಿದ್ದೇ ಮೊದಲು.

“ಯಾಕೆ? ನಾನಿದ್ದೀನಲ್ಲ.”

ಅತ್ತೆ ನಕ್ಕುಬಿಟ್ಟರು. “ನೀವಾ? ನಿಮ್ಮ ಮಗ ಮೊದಲನೇ ಹೆಜ್ಜೆ ಇಟ್ಟಾಗ ನೀವು ಯಾವ ಬಸ್ಸನ್ನ ಮೈಕಲ್ಲಿ ಕೂಗ್ತಿದ್ರಿ ಅಂತಾನಾದ್ರೂ ನೆನಪಿದ್ಯಾ?”

“ಇಲ್ಲ,” ಎಂದರು ಮಾವ. “ಅದಕ್ಕೇ ಕೇಳ್ತಿರೋದು.”

ಅತ್ತೆಯ ನಗು ಅಲ್ಲೇ ನಿಂತಿತು. ಕೊನೆಗೆ ಗಂಡ ಒಂದು ದಾರಿ ಹುಡುಕಿದರು: ಶುಕ್ರವಾರ ನಾನು ಅರ್ಧ ದಿನ ಅಂಗಡಿಗೆ ಹೋಗುವುದು, ಪುಟ್ಟಿ ಪೂರ್ತಿ ಮಾವನ ಕೈಗೆ. ಅತ್ತೆ ಮನೆಯಲ್ಲಿದ್ದರೂ ಅಡ್ಡ ಬರಬಾರದು. ಸರಿಹೋದರೆ ಪುಟ್ಟಿ ಮನೆಯಲ್ಲೇ. ಇಲ್ಲವಾದರೆ ಸೋಮವಾರದಿಂದ ಎರಡು ಬೀದಿಯಾಚೆ. ಮಾವ ಒಪ್ಪಿದರು. ಗುರುವಾರ ಮೂರು ಸಲ ತಾರಸಿಗೆ ಹೋಗಿ ಆಕಾಶ ನೋಡಿ ಬಂದರು.

ಆಕಾಶಕ್ಕೆ ಅವರ ಮೇಲೆ ಯಾವ ಹಗೆಯಿತ್ತೋ! ಶುಕ್ರವಾರ ಬೆಳಿಗ್ಗೆ ಎದುರು ಮನೆಯ ಗೇಟು ಕಾಣದಷ್ಟು ಮಂಜು. ನಾನು ಮಗಳಿಗೆ ಮುತ್ತಿಟ್ಟು, ತಿರುಗಿ ನೋಡಿದರೆ ಹೋಗಲಾರೆನೆಂದು ತಿರುಗದೆ ಹೊರಟೆ. ಆಮೇಲೆ ನಡೆದದ್ದನ್ನು ಅತ್ತೆ ನನಗೆ ಅಭಿನಯ ಸಮೇತ ಹೇಳಿದರು. ಮಾವ ನಡುವೆ ನಡುವೆ ತಿದ್ದುಪಡಿ ತಂದರು.

ಮಾವ ಬಟ್ಟೆ ತುಂಬಿ, ಸೋಪಿನ ಪುಡಿ ಹಾಕಿ, ಮಷೀನನ್ನು ಸಜ್ಜು ಮಾಡಿ ಇಟ್ಟಿದ್ದರಂತೆ. ಬಿಸಿಲು ಬರುವುದೊಂದೇ ಬಾಕಿ. ಎಂದಿನ ಹೊತ್ತಿಗೆ ಪುಟ್ಟಿ ಕಣ್ಣುಜ್ಜಿಕೊಂಡಳು. ಹಸಿರು ಗೆರೆ ನೆಲ ಹಿಡಿದು ಮಲಗಿತ್ತು. ಮಾವ ಅವಳನ್ನು ಹೆಗಲಿಗೆ ಹಾಕಿಕೊಂಡು ಹಳೆಯ ಬಸ್ಸುಗಳ ವೇಳಾಪಟ್ಟಿಯನ್ನೇ ರಾಗವಾಗಿ ಹಾಡಿದರು. ಅವಳು ಕಿವಿ ಎಳೆದುಕೊಂಡಳು, ಟೋಪಿ ಕಿತ್ತೆಸೆದಳು, ಆಮೇಲೆ ರಾಗ ತೆಗೆದಳು.

“ಮಷೀನ್ ಹಾಕ್ರಿ,” ಎಂದರು ಅತ್ತೆ, ಅಡ್ಡ ಬರುವುದಿಲ್ಲ ಎಂಬ ಮಾತು ಮರೆತು.

“ಗೆರೆ ಏಳ್ತಾ ಇದೆ ಕಣೇ. ಇನ್ನೇನು ಬಂತು.”

“ಗೆರೆ ಏಳೋದಿರ್ಲಿ, ಮಗು ಬೀದೀನೇ ಏಳಿಸ್ತಿದೆ. ಅಜ್ಜಿಗೆ ಅರಿವೆ ಚಿಂತೆ ಅಂತ ಕೇಳಿದ್ದೆ. ನಮ್ಮನೇಲಿ ಅಜ್ಜನಿಗೆ ಬಿಸಿಲಿನ ಚಿಂತೆ!”

“ಈಗ ಹಾಕಿದ್ರೆ ಪೂರ್ತಿ ಕಂಬದ್ದು. ಮಷೀನು ಮುಗಿದ್ಮೇಲೆ ಬಿಸಿಲು ಬಂದ್ರೆ? ಆವಾಗೇನು ಒಗೀಲಿ?”

“ನಿಮ್ಮ ತಲೆ ಒಗೀರಿ.”

ಅಷ್ಟರಲ್ಲಿ ಪುಟ್ಟಿಯ ಅಳು ಬಿಕ್ಕಳಿಕೆಗೆ ತಿರುಗಿತು. ದನಿ ಕಟ್ಟಿತು. ಅತ್ತು ಸುಸ್ತಾಗಿ ಅಜ್ಜನ ಕುತ್ತಿಗೆಯೊಳಗೆ ಮುಖ ಹುದುಗಿಸಿ, ಅಲ್ಲೂ ನಿದ್ದೆ ಸಿಗದೆ, ಅಂಗಿಯ ಕಾಲರನ್ನು ಹಿಡಿದು ಜಗ್ಗಿದಳಂತೆ. ಮಾವ ಮೊಬೈಲನ್ನು ಕಪಾಟಿನ ಮೇಲೆ ಕೈಗೆ ಸಿಗದಷ್ಟು ದೂರ ತಳ್ಳಿ, ಹೋಗಿ ಮಷೀನಿನ ಗುಂಡಿ ಒತ್ತಿದರು.

“ಕಂಬದ್ದೇ ಬರ್ಲಿ. ಅದರ ಮನೆ ಹಾಳಾಗ!”

ಮಷೀನು ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಪುಟ್ಟಿ ನಿದ್ದೆಹೋದಳು.

ನಾನು ಮನೆಗೆ ಬಂದಾಗ ಮಂಜು ಕರಗಿ ಹೊರಗೆಲ್ಲ ಹೊಂಬಿಸಿಲು. ಒಳಗೆ ಮಷೀನಿನ ಸದ್ದು. ಅತ್ತೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಒಳಗೆ ಕರೆದರು. ಮಾವ ಗೋಡೆಗೆ ಆತುಕೊಂಡು ನಿಂತಿದ್ದರು. ಕೂತರೆ ಪುಟ್ಟಿ ಮಿಸುಕುತ್ತಾಳೆ ಎಂದು ಅಷ್ಟು ಹೊತ್ತೂ ನಿಂತೇ ಇದ್ದರಂತೆ. ಅವಳ ಜೊಲ್ಲು ಅವರ ಹೆಗಲ ಮೇಲೆ ದೊಡ್ಡ ನಕ್ಷೆ ಬರೆದಿತ್ತು.

“ಎಷ್ಟನೇ ಸಲ?” ಎಂದೆ ಪಿಸುಮಾತಿನಲ್ಲಿ, ಮಷೀನು ತೋರಿಸಿ.

“ಮೂರನೇದು,” ಎಂದರು ಅತ್ತೆ. “ನಿಂತ ಕೂಡ್ಲೆ ಇವಳು ಕಣ್ಣು ಬಿಡ್ತಾಳೆ, ಇವರು ಮತ್ತೆ ಹಾಕ್ತಾರೆ. ಮಗು ಚೆನ್ನಾಗಿದೆಯಮ್ಮ. ಬಟ್ಟೆಗಳ ಬಗ್ಗೆ ಮಾತ್ರ ನನ್ನ ಕೇಳ್ಬೇಡ.”

ಒಂದೇ ಕಂತಿನ ಬಟ್ಟೆ ಮೂರು ಸಲ ಮಿಂದಿತ್ತು. ನನ್ನ ಹೊಸ ಕೆಂಪು ಅಂಗಿ ತನ್ನ ಬಣ್ಣವನ್ನೆಲ್ಲ ದಾನ ಮಾಡಿತ್ತು. ಮಾವನ ಬನಿಯನ್ನುಗಳೆಲ್ಲ ಈಗ ಗುಲಾಬಿ.

ಸಂಜೆ ಗಂಡ ಬಂದು ಶೂ ಬಿಚ್ಚುವ ಮೊದಲೇ ಮಾವ ತಮ್ಮ ತೀರ್ಪು ತಾವೇ ಕೊಟ್ಟುಕೊಂಡರು. “ಟ್ರಿಪ್ ಕ್ಯಾನ್ಸಲ್ ಕಣಪ್ಪ. ಬೆಳಗ್ಗೆಯೆಲ್ಲ ಕಂಬದ ಕರೆಂಟು. ಅದು ಹೋಗ್ಲಿ, ಗೆರೆ ನೋಡ್ಕೊಂಡು ಕೂತು ಮಗೂನ ಅಳಿಸ್ದೆ. ಆ ಮನೆಗೇ ಬಿಡಿ.”

ಗಂಡ ನನ್ನ ಮುಖ ನೋಡಿದರು. ನನಗೆ ನಗು ಬರಲಿಲ್ಲ. ಪುಟ್ಟಿಯ ದನಿ ಇನ್ನೂ ಒಡಕಲಾಗಿಯೇ ಇತ್ತು. ಅವಳು ಹಾಗೆ ಅಳುವಾಗ ನಾನು ಯಾರದೋ ಕನ್ನಡಕದ ಗಾಜು ಒರೆಸುತ್ತಿದ್ದೆ. ಆದರೂ ಆ ಹೆಗಲ ಮೇಲಿನ ಜೊಲ್ಲಿನ ಕಲೆ ಕಣ್ಣ ಮುಂದೆಯೇ ಇತ್ತು. ಎರಡು ಬೀದಿಯಾಚೆ ಇವಳಿಗಾಗಿ ಅಷ್ಟು ಹೊತ್ತು ನಿಲ್ಲುವವರು ಯಾರು?

“ಮಾವ, ಸೋಮವಾರಾನೂ ಮಂಜು ಬಿದ್ರೆ ಏನ್ಮಾಡ್ತೀರಿ?”

ಅವರು ಯೋಚಿಸಿದರು. “ನೋಡಮ್ಮ, ಆಂಬುಲೆನ್ಸ್ ಬಂದಾಗ ನಾನು ಯಾವತ್ತೂ ಸರದಿ ಕೂಗ್ದೋನಲ್ಲ. ಎಲ್ಲ ಬಸ್ಸೂ ಹಿಂದಕ್ಕೆ. ಇವಳು ಕಣ್ಣುಜ್ಜಿದ್ರೆ ಅಷ್ಟೇ. ಸೂರ್ಯನ್ನ ಕೇಳಲ್ಲ.”

“ಇದು ಇವತ್ತು ಬೆಳಗ್ಗೆ ತಲೆಗೆ ಬರ್ಲಿಲ್ವಾ?” ಎಂದರು ಅತ್ತೆ.

“ಬಂತು. ತಡವಾಗಿ ಬಂತು. ಚಳಿಗಾಲ ಕಣೇ.”

ಅದಕ್ಕೆ ಅತ್ತೆಯೂ ನಕ್ಕರು. ಪುಟ್ಟಿ ಮನೆಯಲ್ಲೇ ಇರಲಿ ಎಂದೆ ನಾನು. ಮಾವ ಎದ್ದು ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಭಾನುವಾರ ಅವರನ್ನು ಮಷೀನಿನ ಮುಂದೆ ನಿಲ್ಲಿಸಿ, ನೀರೂ ಸೋಪೂ ಬಟ್ಟೆಯೂ ಇಲ್ಲದೆ ಬರೀ ತಿರುಗಿಸುವ ಗುಂಡಿ ಯಾವುದೆಂದು ತೋರಿಸಿಕೊಟ್ಟೆ. ಉಳಿದ ನನ್ನ ಬಟ್ಟೆಗಳ ಪ್ರಾಣ ಉಳಿಯಬೇಕಲ್ಲ.

“ಖಾಲಿ ಓಡಿಸೋದಾ?” ಮಾವನ ಹುಬ್ಬು ಗಂಟಾಯಿತು. “ನನ್ನ ಸರ್ವೀಸಲ್ಲೇ ಒಂದು ಬಸ್ಸು ಖಾಲಿ ಬಿಟ್ಟಿಲ್ಲ ನಾನು.”

“ಖಾಲಿ ಎಲ್ಲಿ ಮಾವ? ಒಬ್ಬಳು ಕೂತಿರ್ತಾಳಲ್ಲ.”

ಅವರು ಗುಂಡಿಯನ್ನು ಎರಡು ಸಲ ಒತ್ತಿ ಅಭ್ಯಾಸ ಮಾಡಿಕೊಂಡರು.

ಸೋಮವಾರ ಮತ್ತೆ ಮಂಜು. ಅಂಗಡಿಯಲ್ಲಿ ಕೈ ಕೆಲಸದಲ್ಲಿತ್ತು, ಕಿವಿಯೆಲ್ಲ ಮನೆಯಲ್ಲಿತ್ತು. ಮಧ್ಯಾಹ್ನ ತಡೆಯಲಾರದೆ ಫೋನು ಮಾಡಿದೆ. ಅತ್ತೆ ಎತ್ತಿದರು, ದನಿ ಪಿಸಪಿಸ.

“ಜೋರಾಗಿ ಮಾತಾಡ್ಬೇಡ. ಮಷೀನು ಖಾಲಿ ತಿರುಗ್ತಿದೆ, ಚಾಪೆ ಮೇಲೆ ಇಬ್ಬರೂ ಮಲಗಿದ್ದಾರೆ. ಇವಳು ಅತ್ತೇ ಇಲ್ಲ. ಇವರದ್ದು ಮಾತ್ರ ಗೊರಕೆ.”

“ಬಿಸಿಲು ಬಂದಿದ್ಯಾ ಅತ್ತೆ?”

“ಚೆನ್ನಾಗಿ ಬಂದಿದೆ. ನೀರಿನ ಮೋಟರ್ ಹಾಕೋರೇ ಇಲ್ಲ.”

“ನೀವೇ ಹಾಕಿಬಿಡಿ.”

“ಬೇಡಮ್ಮ,” ಎಂದರು. “ಎದ್ದ ಮೇಲೆ ಅವರೇ ಹಾಕ್ಲಿ. ಇಲ್ದಿದ್ರೆ ಸಂಜೆವರೆಗೂ ಮುಖ ಊದಿಸ್ಕೊಂಡು ಕೂತ್ಕೋತಾರೆ.”